ಒಂದು ಮೆಡಿಕಲ್ ಸೀಟು, ಮೂರು ಊರಿನ ಸಲಹೆ

ಮಲಗಿದ್ದ ಮಗಳನ್ನು ಎಬ್ಬಿಸುವುದು ಬೇಡ ಎಂದು ಗೋವಿಂದರಾಜು ಅವರಿಗೆ ಅನ್ನಿಸಿದ್ದೇ ಆ ಶನಿವಾರದ ಎಲ್ಲ ಫಜೀತಿಗೂ ಮೂಲ. ಕೆಟ್ಟ ಮನಸ್ಸಿನಿಂದ ಅನ್ನಿಸಿದ್ದಲ್ಲ. ಹದಿನೆಂಟು ವರ್ಷದ ಹುಡುಗಿ, ಆಗಸ್ಟ್ ತಿಂಗಳ ರಜೆ, ಮಲಗಲಿ ಪಾಪ, ಎಂದು ಯಾವ ತಂದೆಗಾದರೂ ಅನ್ನಿಸಬಹುದು. ಆದರೆ ಭಗವಂತ ಮನುಷ್ಯನನ್ನು ಆಟ ಆಡಿಸುವುದು ಹೆಚ್ಚಾಗಿ ಇಂಥ ಒಳ್ಳೆಯ ಯೋಚನೆಗಳ ಬಾಲ ಹಿಡಿದೇ.

ಅಮೆರಿಕದ ಟೆಕ್ಸಸ್ಸಿನಲ್ಲಿ, ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನ ಅವರ ಮನೆಯಲ್ಲಿ ದೇವರಿಗೆ ಅಡುಗೆಮನೆಯ ಸಾಮಾನು ಕೋಣೆಯಲ್ಲಿ ಜಾಗ. ಮೇಲಿನ ಹಲಗೆಯಲ್ಲಿ ಲಕ್ಷ್ಮೀನರಸಿಂಹ, ಕೆಳಗಿನ ಹಲಗೆಯಲ್ಲಿ ಸೋನಾ ಮಸೂರಿ ಅಕ್ಕಿ. ಬೆಳಿಗ್ಗೆ ಆರೂವರೆಗೆ ಗೋವಿಂದರಾಜು ಮಿಂದು, ದೀಪ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಾಗ ಫೋನು ಬಂತು. ಮಾಡಿದ್ದು ಮೈಸೂರಿನಲ್ಲಿದ್ದ ಅವರ ಹೆಂಡತಿ ವಸಂತಾ ಅವರ ತಮ್ಮ ಆನಂದ್. ಮೇ ತಿಂಗಳಲ್ಲಿ ಮಗಳು ಪ್ರಗತಿ ಅಲ್ಲಿಗೇ ಹೋಗಿ ಬರೆದು ಬಂದಿದ್ದ ಪ್ರವೇಶ ಪರೀಕ್ಷೆಯ ಮೇಲೆ ಸೀಟಿನ ಪಟ್ಟಿ ಬಂದಿದೆ, ಮೈಸೂರಿಗೆ ಎರಡು ಗಂಟೆ ದಾರಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅವಳ ಹೆಸರಿದೆ ಎಂದ. ಸೇರಲು ನಾಳೆ ಭಾನುವಾರವೇ ಕೊನೆಯ ದಿನ. ಬೆಳಗಿನ ಆರು ಗಂಟೆಯ ಬಸ್ಸಿಗೆ ಅವನು ಕಾಗದಪತ್ರ ಹಿಡಿದು ಹೊರಡಬೇಕು. ಬೇಡವೆಂದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ.

"ಇಲ್ಲಿ ಆರು ಗಂಟೆ ಅಂದ್ರೆ ನಿಮಗೆ ಇವತ್ತು ಸಂಜೆ ಏಳೂವರೆ, ಭಾವ. ಅಷ್ಟರೊಳಗೆ ಹೂಂ ಅಥವಾ ಊಹೂಂ, ಎರಡರಲ್ಲಿ ಒಂದು ಹೇಳ್ಬಿಡಿ."

ಗೋವಿಂದರಾಜು ಅವರ ಐವತ್ತೆರಡು ವರ್ಷದ ಬದುಕಿನಲ್ಲಿ ಎರಡರಲ್ಲಿ ಒಂದು ಹೇಳಿದ ಉದಾಹರಣೆ ಇರಲಿಲ್ಲ. ಕಂಪನಿಯಲ್ಲಿ ಅವರ ಕೆಲಸ ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ, ಯಾವ ದಾರಿ ಕಂಡರೂ ದಾರಿಗಿಂತ ಮೊದಲು ಅದರ ಗುಂಡಿ ಕಾಣುವಂತಾಗಿತ್ತು. ಮನೆಗೆ ಫ್ರಿಜ್ ಆರಿಸಲು ಏಳು ತಿಂಗಳು ತೆಗೆದುಕೊಂಡಿದ್ದರು. ಅಷ್ಟರಲ್ಲಿ ಆ ಮಾದರಿಯನ್ನೇ ಕಂಪನಿ ನಿಲ್ಲಿಸಿತ್ತು.

ಇಲ್ಲಿ ಇದ್ದದ್ದು ಫ್ರಿಜ್ಜಲ್ಲ, ಮಗಳು ಡಾಕ್ಟರಾಗುವ ದಾರಿ. ಪ್ರಗತಿಗೆ ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರಕ್ಕೆ ಪ್ರವೇಶ ಸಿಕ್ಕಿಯಾಗಿತ್ತು. ಬರುವ ಶನಿವಾರ ಹಾಸ್ಟೆಲಿನಲ್ಲಿ ಬಿಟ್ಟು ಬರುವುದೂ ನಿಗದಿಯಾಗಿತ್ತು. ಅಲ್ಲಿ ನಾಲ್ಕು ವರ್ಷ ಓದಬೇಕು, ಪರೀಕ್ಷೆ ಬರೆಯಬೇಕು, ಆಮೇಲೆ ದೇವರು ಕಣ್ಣು ಬಿಟ್ಟರೆ ಮೆಡಿಕಲ್ ಸೀಟು, ಮತ್ತೆ ನಾಲ್ಕು ವರ್ಷ. ಕರ್ನಾಟಕದಲ್ಲಾದರೆ ಸೀಟು ಇವತ್ತೇ ಕೈಯಲ್ಲಿದೆ, ಐದೂವರೆ ವರ್ಷಕ್ಕೆ ಡಾಕ್ಟರು; ಆದರೆ ಅಮೆರಿಕಕ್ಕೆ ಮರಳಿ ಬಂದಾಗ ಇಲ್ಲಿನ ಪರೀಕ್ಷೆ ಬರೆದು, ಯಾವುದಾದರೂ ಆಸ್ಪತ್ರೆ ತರಬೇತಿಗೆ ಕರೆಯಲಿ ಎಂದು ಕಾಯಬೇಕು. ಒಂದು ದಾರಿಯಲ್ಲಿ ಮೊದಲ ಬಾಗಿಲಿಗೆ ಬೀಗ, ಇನ್ನೊಂದರಲ್ಲಿ ಕೊನೆಯ ಬಾಗಿಲಿಗೆ.

ಎರಡು ಬೇಸಿಗೆ ಉಚಿತ ಚಿಕಿತ್ಸಾಲಯವೊಂದರಲ್ಲಿ ಮುದುಕರ ಗಾಲಿಕುರ್ಚಿ ತಳ್ಳಿ ಬಂದ ಹುಡುಗಿ ಪ್ರಗತಿ. ಡಾಕ್ಟರಾಗುವುದು ಬಿಟ್ಟು ಬೇರೇನನ್ನೂ ಅವಳು ಕೇಳಿದವಳಲ್ಲ. ತಾನು ತಪ್ಪು ದಾರಿ ತೋರಿಸಿದರೆ ಎಂಬ ಭಯಕ್ಕೆ ಗೋವಿಂದರಾಜು ಮಂಗಳಾರತಿಯನ್ನು ಎರಡು ಸಲ ಬೆಳಗಿದರು.

ವಸಂತಾ ದೋಸೆಹಿಟ್ಟು ಕಲಕುತ್ತ, "ಪ್ರಗತಿ ಏಳಲಿ, ಅವಳನ್ನೇ ಕೇಳೋಣ" ಎಂದರು.

"ಮಲಗಿರೋ ಮಗೂನ ಯಾಕೆ ಎಬ್ಬಿಸ್ತೀಯ. ಅವಳಿಗೇನು ಗೊತ್ತಾಗುತ್ತೆ? ಇದು ತಿಳಿದವರನ್ನ ಕೇಳೋ ವಿಷಯ."

"ಹಾಗಾದ್ರೆ ನಾನೊಂದು ಮಾತು ಹೇಳ್ಲಾ?"

"ಎಲ್ಲರನ್ನೂ ಕೇಳ್ಕೊಂಡು ಬರ್ತೀನಿ, ಆಮೇಲೆ ಹೇಳುವಿಯಂತೆ."

ತಿಳಿದವರು ಅಂದರೆ ಮೊದಲು ಅದೇ ಬೀದಿಯ ಕೊನೆಯ ಮನೆಯ ಡಾಕ್ಟರ್ ನಾಗಮಣಿ. ಕರ್ನಾಟಕದಲ್ಲೇ ಓದಿ ಬಂದು, ಹ್ಯೂಸ್ಟನ್ನಿನಲ್ಲಿ ಹೃದಯದ ಡಾಕ್ಟರಾಗಿ ಹೆಸರು ಮಾಡಿದವರು. ಇಂಥ ವಿಷಯವನ್ನು ಫೋನಿನಲ್ಲಿ ಕೇಳಬಾರದು, ಎದುರು ಕೂತು ಕೇಳಬೇಕು ಎಂಬುದು ಗೋವಿಂದರಾಜು ಅವರ ನಂಬಿಕೆ. ಏಳಕ್ಕೆ ಅವರು ಬಾಗಿಲು ತಟ್ಟಿದಾಗ ನಾಗಮಣಿ ಅಂಗಳದ ಕರಿಬೇವಿನ ಗಿಡಕ್ಕೆ ನೀರು ಹಾಕಿ ಆಗತಾನೆ ಒಳಗೆ ಬಂದಿದ್ದರು. ವಿಷಯ ಕೇಳುತ್ತಲೇ ಅವರ ಮುಖ ಇಸಿಜಿ ಕಾಗದದಂತೆ ಮೇಲೆ ಕೆಳಗೆ ಆಯಿತು.

"ಕಳಿಸಬೇಡಿ," ಎಂದರು. "ಅಲ್ಲಿ ಓದೋದು ಕಷ್ಟ ಅಲ್ಲ. ಓದಿ ಇಲ್ಲಿಗೆ ಬಂದ ಮೇಲೆ ಕಷ್ಟ. ಚಿನ್ನದ ಪದಕ ತಗೊಂಡು ಬಂದಿದ್ದೆ ನಾನು. ಎರಡು ವರ್ಷ ಲ್ಯಾಬಲ್ಲಿ ಇಲಿಗಳಿಗೆ ಊಟ ಹಾಕಿದೆ. ಹೆಸರಿಟ್ಟು ಕರೀತಿದ್ದೆ ಅವನ್ನ. ಆಮೇಲೆ ಸಿಕ್ಕಿದ್ದು ತರಬೇತಿ."

ಗೋವಿಂದರಾಜು ಇಲಿಗಳ ಕತೆ ಕೇಳಿ ಆಸ್ಟಿನ್ನೇ ಸರಿ ಎಂದುಕೊಂಡು ಎದ್ದರು. ನಾಗಮಣಿಯವರಿಗೆ ಅಷ್ಟಕ್ಕೆ ಬಿಡುವ ಮನಸ್ಸಾಗಲಿಲ್ಲ. ತನ್ನದು ಒಂದೇ ಕಡೆಯ ಮಾತಾಯಿತು, ಇಲ್ಲೇ ಓದಿದವರನ್ನೂ ಒಮ್ಮೆ ಕೇಳುವುದು ಒಳ್ಳೆಯದು, ಆಸ್ಟಿನ್ನಿನಲ್ಲಿ ಪ್ರಭಾ ಅವರ ಮಗ ಅರವಿಂದ್ ಇದ್ದಾನಲ್ಲ ಎಂದರು. ಬಾಗಿಲವರೆಗೆ ಬಂದವರು, ಒಂದು ನಿಮಿಷ ಎಂದು ಒಳಗೆ ಹೋಗಿ ಒಂದು ಚೀಲ ತಂದರು.

"ಅಕಸ್ಮಾತ್ ಕಳಿಸೋದೇ ಆದ್ರೆ, ಮೈಸೂರಲ್ಲಿ ನಮ್ಮಮ್ಮ ಚಂದ್ರಮ್ಮ ಅಂತ. ಮಂಡಿನೋವು. ಇದು ಮಂಡಿಗೆ ಹಾಕ್ಕೊಳೋ ಪಟ್ಟಿ, ಇದೊಂದು ಮೂರು ಪೌಂಡ್ ಬಾದಾಮಿ. ಭಾರ ಏನಿಲ್ಲ."

ಊರಿಗೆ ಹೋಗುವವರ ಕೈಯಲ್ಲಿ ಏನಾದರೂ ಕಳಿಸುವುದು ಟೆಕ್ಸಸ್ಸಿನ ಕನ್ನಡಿಗರಲ್ಲಿ ಸಂಧ್ಯಾವಂದನೆಗಿಂತ ತಪ್ಪದೆ ನಡೆಯುವ ಕರ್ಮ. ಬೇಡ ಎನ್ನುವುದು ಹೇಗೆ? ಇನ್ನೂ ತೀರ್ಮಾನವಾಗಿಲ್ಲ ಎನ್ನಲು ಬಾಯಿ ತೆರೆದ ಗೋವಿಂದರಾಜು, "ಅದಕ್ಕೇನಂತೆ, ತಲುಪುತ್ತೆ ಬಿಡಿ" ಎಂದುಬಿಟ್ಟರು. ಚೀಲ ಕಾರಿನ ಹಿಂದಿನ ಸೀಟಿನಲ್ಲಿ ಕೂತಿತು. ಕಾರು ಬೀದಿಯ ತಿರುವು ದಾಟುವುದರೊಳಗೆ ನಾಗಮಣಿಯವರು ಟೆಕ್ಸಸ್ಸಿನ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದ್ದರು. ಪ್ರಗತಿ ಮೆಡಿಕಲ್ ಓದಲು ಊರಿಗೆ ಹೋಗಬಹುದು ಎಂದು ಬರೆದಿದ್ದರು. ಆ 'ಬಹುದು' ಹೆದ್ದಾರಿ ಮುಟ್ಟುವ ಮೊದಲೇ ಎಲ್ಲೋ ಉದುರಿಹೋಗಿತ್ತು.

ಒಂಬತ್ತೂವರೆಗೆ, ಆಸ್ಟಿನ್ ಇನ್ನೂ ಅರ್ಧ ಗಂಟೆ ಇರುವಾಗ, ವಸಂತಾ ಫೋನು ಮಾಡಿದರು. ಹೆದ್ದಾರಿಯಲ್ಲಿದ್ದೇನೆ, ಹದಿನೆಂಟು ಚಕ್ರದ ಲಾರಿ ಪಕ್ಕದಲ್ಲಿದೆ, ಆಮೇಲೆ ಎಂದು ಇವರು ಇಟ್ಟುಬಿಟ್ಟರು.

ಅರವಿಂದ್ ಇಲ್ಲೇ ಹುಟ್ಟಿ, ಇಲ್ಲೇ ಓದಿ, ಮಕ್ಕಳ ಡಾಕ್ಟರಾದ ಹುಡುಗ. ಹುಡುಗ ಎಂದರೆ ಮೂವತ್ಮೂರು. ಇಪ್ಪತ್ತೆಂಟು ಗಂಟೆ ಆಸ್ಪತ್ರೆಯಲ್ಲಿದ್ದು ಆಗತಾನೆ ಮನೆಗೆ ಬಂದಿದ್ದ. ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿದ. ಮಲಗಿಬಿಟ್ಟನೋ ಎಂದು ಗೋವಿಂದರಾಜು ನಿಲ್ಲಿಸಿದರು.

"ಐಯಾಮ್ ಲಿಸನಿಂಗ್, ಅಂಕಲ್," ಎಂದ ಅವನು. "ಸೆಂಡ್ ಹರ್ ಟು ಇಂಡಿಯಾ. ಸೀಟು ಇದೆ ಅಲ್ವಾ? ತಗೊಳ್ಳಿ. ನನ್ನ ಜೊತೆ ಕಾಲೇಜಲ್ಲಿ ಡಾಕ್ಟರ್ ಆಗ್ತೀವಿ ಅಂತ ಶುರು ಮಾಡಿದ್ದು ಹತ್ತು ಜನ ಫ್ರೆಂಡ್ಸ್. ಆಗಿದ್ದು ಮೂರು. ಒಬ್ಬ ಈಗ ಈಜುಕೊಳ ಕ್ಲೀನ್ ಮಾಡೋ ಕಂಪನಿ ಇಟ್ಟಿದ್ದಾನೆ. ಹೀ ಇಸ್ ದ ಹ್ಯಾಪಿಯೆಸ್ಟ್."

ಅವನ ತಾಯಿ ಪ್ರಭಾ ಅಡುಗೆಮನೆಯಿಂದ, ಮದುವೆಯ ಮಾತೆತ್ತಿದರೆ ಇವನು ಇನ್ನೂ ತರಬೇತಿ ಮುಗಿದಿಲ್ಲ ಎನ್ನುತ್ತಾನೆ, ಮೊಮ್ಮಗು ನೋಡುವ ಹೊತ್ತಿಗೆ ತನಗೆ ಕಣ್ಣು ಕಾಣುವುದಿಲ್ಲ ಎಂದು ಸೇರಿಸಿದರು.

ಹೀಗೆ ಅಲ್ಲಿ ಓದಿದವರು ಅಲ್ಲಿ ಬೇಡ ಎಂದರು, ಇಲ್ಲಿ ಓದಿದವರು ಇಲ್ಲಿ ಬೇಡ ಎಂದರು. ಗೋವಿಂದರಾಜು ಸಂತೆಯಲ್ಲಿ ಎರಡು ಎಮ್ಮೆಗಳ ಹಗ್ಗ ಹಿಡಿದು ಯಾವುದನ್ನು ಬಿಡಲಿ ಎಂದು ನಿಂತವನಂತಾದರು. ಅಷ್ಟರಲ್ಲಿ ವಸಂತಾ ಅವರದು ಎರಡನೆಯ ಫೋನು. ಡಾಕ್ಟರ ಜೊತೆ ಇದ್ದೇನೆ ಎಂದು ಇವರು ಅದನ್ನೂ ಇಟ್ಟರು.

ಅರವಿಂದನೇ ಕನಿಕರಪಟ್ಟು ಮೂರನೆಯ ದಾರಿ ತೋರಿಸಿದ. ಡಲ್ಲಾಸ್ ಹತ್ತಿರ ಸೌತ್‌ಲೇಕಿನಲ್ಲಿ ಡಾಕ್ಟರ್ ಪ್ರಭಂಜನ ಎಂಬವರಿದ್ದಾರೆ, ತರಬೇತಿಗೆ ಅರ್ಜಿ ಹಾಕಿದ ಹೊಸ ಡಾಕ್ಟರುಗಳನ್ನು ಆರಿಸುವ ಮಂಡಳಿಯಲ್ಲಿ ಕೂರುತ್ತಾರೆ. ಯಾವ ದಾರಿಯಿಂದ ಬಂದವರು ಒಳಗೆ ಹೋಗುತ್ತಾರೆ, ಯಾವ ದಾರಿಯವರು ಹೊರಗೆ ಉಳಿಯುತ್ತಾರೆ ಎಂಬುದನ್ನು ಅವರಿಗಿಂತ ಬಲ್ಲವರಿಲ್ಲ.

ಹೊರಡುವಾಗ ಪ್ರಭಾ ಎರಡು ಕೈಯಲ್ಲೂ ಸಾಮಾನು ಹಿಡಿದು ಬಂದರು. ಒಂದರಲ್ಲಿ ಮೈಸೂರಿನ ಅಣ್ಣನಿಗೆ ಸಕ್ಕರೆ ಪರೀಕ್ಷೆಯ ಮಿಷನ್ನು, ಅತ್ತಿಗೆಗೆ ನಾಲ್ಕು ಡಬ್ಬಿ ವಿಟಮಿನ್ ಮಾತ್ರೆ. ಇನ್ನೊಂದರಲ್ಲಿ ಪುಟ್ಟ ರೈಸ್ ಕುಕ್ಕರ್.

"ಕುಕ್ಕರ್ ಯಾರಿಗೆ?" ಎಂದರು ಗೋವಿಂದರಾಜು.

"ಪ್ರಗತಿ ಆಸ್ಟಿನ್‌ಗೇ ಬಂದ್ರೆ ಹಾಸ್ಟೆಲಲ್ಲಿ ಬೇಕಲ್ಲ. ಎರಡು ಕಡೆಗೂ ಇರಲಿ ಅಂತ."

ಅಷ್ಟು ಹೊತ್ತಿಗೆ ಅಂಗಳದಲ್ಲಿ ಇನ್ನೂ ಎರಡು ಕಾರು ನಿಂತಿದ್ದವು. ಗುಂಪಿನಲ್ಲಿ ಸುದ್ದಿ ಓದಿ ಬಂದ ಇಬ್ಬರು ಹೆಂಗಸರು. ಒಬ್ಬರು ಮಾವನಿಗೆ ನಡೆಯುವ ಬೂಟು ತಂದಿದ್ದರು. ಇನ್ನೊಬ್ಬರು ಐದು ಜನ ನಾದಿನಿಯರಿಗೆ ಐದು ಬಣ್ಣದ ಕೈಚೀಲ, ಯಾವುದು ಯಾರಿಗೆ ಎಂದು ಒಳಗೆ ಚೀಟಿ ಬರೆದಿಟ್ಟು. ಇಬ್ಬರೂ ಪ್ರಗತಿಗೆ ಮನಸಾರೆ ಒಳ್ಳೆಯದಾಗಲಿ ಎಂದು ಹಾರೈಸಿದರು. ಹಾರೈಸಿದವರ ಸಾಮಾನನ್ನು ಹಿಂದಕ್ಕೆ ಕೊಡುವುದು ಅಪಶಕುನ ಎನ್ನಿಸಿ ಗೋವಿಂದರಾಜು ಡಿಕ್ಕಿ ತೆಗೆದರು.

ಮೂರೂಕಾಲು ಗಂಟೆಯ ದಾರಿ, ಉತ್ತರಕ್ಕೆ. ಹೊರಗೆ ನೂರಾ ಮೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಒಳಗೆ ಬಾದಾಮಿ, ಬೂಟು, ಹೊಸ ಚರ್ಮದ ವಾಸನೆ ಸೇರಿ ಕಾರು ಮದುವೆ ಮನೆಯ ಉಗ್ರಾಣದಂತಾಗಿತ್ತು. ಗೋವಿಂದರಾಜು ಮನಸ್ಸಿನಲ್ಲೇ ವಿಷ್ಣು ಸಹಸ್ರನಾಮ ಶುರು ಮಾಡಿ, ನಡುನಡುವೆ ಐದೂವರೆ ವರ್ಷ, ಎಂಟು ವರ್ಷ ಎಂಬ ಲೆಕ್ಕ ನುಗ್ಗಿ, ನಾಲ್ಕು ಸಲ ಹಾದಿ ತಪ್ಪಿ, ಐದನೆಯ ಸಲವೂ ಮೊದಲಿನಿಂದಲೇ ಹಿಡಿದರು.

ಸೌತ್‌ಲೇಕಿನ ಮನೆಯ ಜಗಲಿ ನೋಡಿ ಅವರ ಕಾಲು ಒಂದು ಕ್ಷಣ ನಿಂತಿತು. ಬಾಗಿಲ ಎರಡೂ ಕಡೆ ಚೀಲ, ಡಬ್ಬಿ, ಗಂಟುಗಳು ಸಾಲಾಗಿ ಕೂತಿದ್ದವು, ಬಸ್ಸು ತಡವಾದ ಯಾತ್ರಿಕರ ಹಾಗೆ. ಪಕ್ಕದ ಊರು ಯೂಲೆಸ್ಸಿನಿಂದ ಬಂದ ಒಂದು ಕುಟುಂಬ ತಮ್ಮ ಗಂಟಿನ ಮೇಲೆ ವಿಳಾಸ ಅಂಟಿಸುತ್ತಿತ್ತು. ಪ್ರಭಂಜನರ ಹೆಂಡತಿ ರಾಜಲಕ್ಷ್ಮಿ ನಗುತ್ತ ಬಾಗಿಲು ತೆರೆದರು. ಮಗಳಿಗೆ ಸೀಟು ಸಿಕ್ಕಿತಂತೆ, ತುಂಬ ಸಂತೋಷ ಎಂದು ಕೈಗೆ ಮೊದಲು ಪೇಡೆ ಇಟ್ಟರು, ಆಮೇಲೆ ನೀರು.

ಡಾಕ್ಟರ್ ಪ್ರಭಂಜನ ಧಾರವಾಡದ ಕಡೆಯವರು, ನಿಧಾನದ ಮನುಷ್ಯ. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ನೋಡ್ರಿ ಗೋವಿಂದರಾಜು, ನಾವು ಆರಿಸೋ ಮುಂದ ದಾರಿ ನೋಡೂದಿಲ್ರಿ, ಮನುಷ್ಯಾನ್ನ ನೋಡ್ತೀವಿ. ಅಲ್ಲಿಂದ ಬಂದವರೊಳಗ ಚಲೋ ಮಂದಿ ಅದಾರ, ಇಲ್ಲಿಯವರೊಳಗ ದಡ್ಡರೂ ಅದಾರ. ನಾ ಎರಡೂ ಕಡೆ ಓದಿದಾಂವ ಅಲ್ರಿ. ನಾ ಓದಿದ್ದು ಕೆರಿಬಿಯನ್ ದ್ವೀಪದಾಗ."

ಆಮೇಲೆ ಅವರ ಮುಖ ಬೆಳಗಿತು. ಗೋಡೆಯ ಟೀವಿಗೆ ಫೋನು ಜೋಡಿಸಿ ದ್ವೀಪದ ಪಟಗಳನ್ನು ತೋರಿಸಿದರು. ಇದು ಅಂಗರಚನೆ ಕಲಿತ ಶೆಡ್ಡು, ಹಿಂದೆ ಕಾಣುವುದು ಸಮುದ್ರ. ಇದು ಚಂಡಮಾರುತ ಬಂದು ಶೆಡ್ಡಿನ ಚಾವಣಿ ಹಾರಿದ ಮೇಲೆ, ಹಿಂದೆ ಕಾಣುವುದು ಅದೇ ಸಮುದ್ರ, ಸ್ವಲ್ಪ ಹತ್ತಿರ. ಇದು ತಾನೇ ಹಿಡಿದ ಮೀನು. ಮನೆಯಲ್ಲಿ ಹೇಳಿರಲಿಲ್ಲ, ಹಿಡಿದು ಬಿಟ್ಟದ್ದು ಅಷ್ಟೇ. ಈಗಲೂ ಬೇಕಾದರೆ ಆ ಕಾಲೇಜಿಗೆ ಒಂದು ಪತ್ರ ಬರೆಯುತ್ತೇನೆ ಎಂದರು. ಎರಡು ದಾರಿ ಹಿಡಿದು ಬಂದ ಗೋವಿಂದರಾಜು ಅವರ ಕೈಗೆ ಹೀಗೆ ಮೂರನೆಯದೂ ಬಂತು, ಸುತ್ತ ನೀರು ಸಮೇತ.

ನಲವತ್ತನೆಯ ಪಟಕ್ಕೆ ಪ್ರಭಂಜನ ತಟ್ಟನೆ ತಿರುಗಿ, "ಅಂದಂಗ, ಹುಡುಗಿ ಏನಂತಾಳ್ರಿ?" ಎಂದರು.

"ಅವಳು ಮಲಗಿದ್ದಳು."

ಪ್ರಭಂಜನ ಗೋಡೆಯ ಗಡಿಯಾರ ನೋಡಿದರು. ಎರಡೂವರೆ.

"ಇನ್ನೂ ಮಕ್ಕೊಂಡಾಳೇನ್ರಿ?"

ಗೋವಿಂದರಾಜು ಬೆಳಗಿನಿಂದ ಮೊದಲ ಬಾರಿಗೆ ತಾವಾಗಿಯೇ ಫೋನು ತೆಗೆದು ಮನೆಯ ನಂಬರು ಒತ್ತುವವರಿದ್ದರು. ಅಷ್ಟರಲ್ಲಿ ರಾಜಲಕ್ಷ್ಮಿ ಉದ್ದನೆಯ ಕಪ್ಪು ಚೀಲವೊಂದನ್ನು ಮಗುವಿನಂತೆ ಎರಡು ತೋಳಿನ ಮೇಲೆ ಮಲಗಿಸಿಕೊಂಡು ಬಂದರು. ಅವರ ಅಣ್ಣನ ಮಗನಿಗೆ ಬರುವ ಶನಿವಾರ ಮೈಸೂರಿನಲ್ಲಿ ಮದುವೆ. ಆರತಕ್ಷತೆಗೆ ಮದುಮಗ ತೊಡಬೇಕಾದ ಸೂಟು ಇದು. ಡಲ್ಲಾಸಿನ ದರ್ಜಿಯೊಬ್ಬ ಅಳತೆ ತರಿಸಿಕೊಂಡು ಹೊಲಿದದ್ದು. ಯಾರೂ ಹೋಗುವವರಿಲ್ಲವಲ್ಲ ಎಂದು ಹದಿನೈದು ದಿನದಿಂದ ನಿದ್ದೆ ಇರಲಿಲ್ಲ, ನಿನ್ನೆ ರಾಘವೇಂದ್ರಸ್ವಾಮಿಗೆ ತುಪ್ಪದ ದೀಪ ಹಚ್ಚಿದ್ದೆ, ಇವತ್ತು ನೀವು ಬಂದಿರಿ ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಗುರುಗಳೇ ಕಳಿಸಿದ್ದಾರೆ ಎಂದವರ ಮುಂದೆ, ಇಲ್ಲ ನಾನಾಗಿಯೇ ಬಂದೆ ಎನ್ನುವುದು ಹೇಗೆ? ಗೋವಿಂದರಾಜು ಫೋನನ್ನು ಜೇಬಿಗೆ ಹಾಕಿ ಎರಡೂ ಕೈ ಚಾಚಿ ಸೂಟು ತೆಗೆದುಕೊಂಡರು.

"ಮಡಿಸಬೇಡಿ ಮಾತ್ರ," ಎಂದರು ರಾಜಲಕ್ಷ್ಮಿ.

ಜಗಲಿಯ ಯಾತ್ರಿಕರೆಲ್ಲ ಕಾರು ಹತ್ತಿದರು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣುವುದು ನಿಂತಿತು. ಪಕ್ಕದ ಸೀಟಿನಲ್ಲಿ ಮದುಮಗನ ಸೂಟು, ಮಡಿಸದೆ, ಬೆಲ್ಟು ಹಾಕಿಕೊಂಡು ಕೂತಿತು. ಅದನ್ನು ಕೂರಿಸಿಕೊಂಡು ಗೋವಿಂದರಾಜು ದಕ್ಷಿಣಕ್ಕೆ ಹೊರಟರು.

ದಾರಿಯಲ್ಲಿ ಅವರು ತೂಗಲು ಕೂತರು. ನಾಗಮಣಿ ಹೇಳಿದ್ದು ಒಂದು ಕಡೆ, ಅರವಿಂದ್ ಹೇಳಿದ್ದು ಒಂದು ಕಡೆ, ಎರಡೂ ಸರಿಸಮ. ದ್ವೀಪ ಯಾವ ಕಡೆಗೂ ಸೇರದೆ ತೇಲುತ್ತಿತ್ತು. ಇಪ್ಪತ್ತು ವರ್ಷ ತಪ್ಪು ಹುಡುಕಿದ ತಲೆ ಪ್ರತಿಯೊಂದರಲ್ಲೂ ಒಂದೊಂದು ಗುಂಡಿ ಹುಡುಕಿ ಕೊಟ್ಟಿತು. ಗಂಟೆ ನಾಲ್ಕಾಯಿತು, ಐದಾಯಿತು. ಆರರ ಹೊತ್ತಿಗೆ ಯೋಚನೆ ಕಾಲೇಜು ಬಿಟ್ಟು ಮೆಲ್ಲಗೆ ಹಿಂದಿನ ಸೀಟಿಗೆ ಜಾರಿತು. ಬೇಡ ಎಂದರೆ ಇವನ್ನೆಲ್ಲ ಹಿಂದಕ್ಕೆ ಕೊಡಬೇಕು. ಚಂದ್ರಮ್ಮನ ಮಂಡಿಪಟ್ಟಿಯನ್ನು ನಾಗಮಣಿಯವರ ಕೈಗೆ ಮರಳಿ ಇಡಬೇಕು. ಐದು ಕೈಚೀಲಕ್ಕೆ ಮತ್ತೆ ಆಸ್ಟಿನ್ನಿಗೆ ಹೋಗಬೇಕು. ಸೂಟಿಗೆ ಸೌತ್‌ಲೇಕಿಗೆ ಹೋಗಿ, ತುಪ್ಪದ ದೀಪದ ಮುಂದೆ ನಿಂತು, ಕ್ಷಮಿಸಿ ಎನ್ನಬೇಕು. ದೀಪಾವಳಿ ಕಾರ್ಯಕ್ರಮಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಹೂಂ ಎಂದರೆ ಒಂದೂ ಹಿಂದಕ್ಕೆ ಕೊಡಬೇಕಾಗಿಲ್ಲ. ಬುಧವಾರಕ್ಕೆ ಟಿಕೆಟ್ ಮಾಡಿಸಿದರೆ ಪ್ರಗತಿ ವಿಮಾನ ಹತ್ತುತ್ತಾಳೆ, ಎಲ್ಲ ತಲುಪುತ್ತದೆ.

ಯೋಚಿಸಿದಷ್ಟೂ ಅವರಿಗೆ ಕರ್ನಾಟಕದ ವೈದ್ಯಕೀಯ ಶಿಕ್ಷಣದ ಮಟ್ಟ ಚೆನ್ನಾಗಿದೆ ಎನ್ನಿಸತೊಡಗಿತು. ಐದೂವರೆ ವರ್ಷ ಏನು ಮಹಾ. ರೋಗಿಗಳು ಬಹಳ, ಕೈ ಪಳಗುತ್ತದೆ. ಇಲಿಗಳಿಗೆ ಊಟ ಹಾಕುವುದೂ ಒಂದು ಪುಣ್ಯವೇ. ಮನುಷ್ಯ ತಾನು ಮಾಡಲೇಬೇಕಾದ್ದಕ್ಕೆ ಕಾರಣ ಹುಡುಕುವಾಗ ದೇವರು ಯಾವತ್ತೂ ಕೈ ಬಿಡುವುದಿಲ್ಲ. ಹೀಗೆ ಮೂರು ಡಾಕ್ಟರುಗಳು ತೀರ್ಮಾನಿಸಲಾಗದ್ದನ್ನು ಮೂರು ಪೌಂಡ್ ಬಾದಾಮಿ ತೀರ್ಮಾನಿಸಿತು.

ಏಳೂ ಹತ್ತಕ್ಕೆ ಶುಗರ್ ಲ್ಯಾಂಡ್. ಬಿಸಿಲು ಇನ್ನೂ ಇತ್ತು. ತೀರ್ಮಾನ ಇಲ್ಲದೆ ಮನೆಯೊಳಗೆ ಕಾಲಿಡುವುದಿಲ್ಲ ಎಂದುಕೊಂಡು ಗೋವಿಂದರಾಜು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಒಳಗೆ ಕೂತೇ ಆನಂದನಿಗೆ ಫೋನು ಮಾಡಿದರು. ಬದುಕಿನಲ್ಲಿ ಮೊದಲ ಬಾರಿಗೆ ಎರಡರಲ್ಲಿ ಒಂದು ಹೇಳುವವನ ಗತ್ತು ಅವರ ದನಿಯಲ್ಲಿತ್ತು.

"ಆನಂದ, ಹೂಂ. ಬಸ್ಸು ಹತ್ತು."

ಆ ಕಡೆ ಆಕಳಿಕೆ. "ಯಾವ ಬಸ್ಸು ಭಾವ?"

"ಕಾಲೇಜಿನ ಬಸ್ಸು. ಆರು ಗಂಟೇದು."

"ಅಕ್ಕ ರಾತ್ರಿ ಎಂಟಕ್ಕೇ ಫೋನ್ ಮಾಡಿದ್ಲಲ್ಲ, ಬೇಡ ಅಂತ. ಪ್ರಗತೀನೂ ಮಾತಾಡಿದ್ಲು. ಆಗ್ಲೇ ವೆಬ್‌ಸೈಟಲ್ಲಿ ಬೇಡ ಅಂತ ಒತ್ತಿಬಿಟ್ಟೆ. ಸೀಟು ಮುಂದಿನವರಿಗೆ ಹೋಯ್ತು. ಯಾಕೆ, ನಿಮಗೆ ಹೇಳ್ಲಿಲ್ವಾ?"

ಮೈಸೂರಿನ ರಾತ್ರಿ ಎಂಟು ಅಂದರೆ ಇಲ್ಲಿ ಬೆಳಿಗ್ಗೆ ಒಂಬತ್ತೂವರೆ. ಲಾರಿ ಪಕ್ಕದಲ್ಲಿದ್ದ ಹೊತ್ತು.

ಗೋವಿಂದರಾಜು ಒಳಗೆ ಬಂದಾಗ ತಾಯಿ ಮಗಳು ಸೋಫಾದ ಮೇಲೆ ಕೂತು ಆಸ್ಟಿನ್ ಹಾಸ್ಟೆಲಿಗೆ ಬೇಕಾದ ಹೊದಿಕೆಗಳನ್ನು ಮಡಿಸುತ್ತಿದ್ದರು. ಅವರು ಬಾಗಿಲಲ್ಲೇ ನಿಂತರು. ಸಿಟ್ಟು ಮಾಡಬೇಕೋ ನಿಟ್ಟುಸಿರು ಬಿಡಬೇಕೋ ತಿಳಿಯಲಿಲ್ಲ. ಇದನ್ನೂ ಯಾರನ್ನಾದರೂ ಕೇಳಬೇಕಿತ್ತು.

ಪ್ರಗತಿ ಒಂಬತ್ತಕ್ಕೆ ಎದ್ದಳಂತೆ. ವಿಷಯ ಹೇಳಿದರಂತೆ. ಎರಡನೆಯ ದೋಸೆ ತಟ್ಟೆಗೆ ಬೀಳುವುದರೊಳಗೆ ತೀರ್ಮಾನ ಆಯಿತಂತೆ. ಹಾಗಂತ ವಸಂತಾ ಹೇಳಿದರು. ಎರಡು ಸಲ ಫೋನು ಮಾಡಿದ್ದನ್ನೂ ಹೇಳಿದರು, ದನಿ ಏರಿಸದೆ.

"ನನ್ನನ್ನು ಕೇಳದೆ?" ಎಂದರು ಗೋವಿಂದರಾಜು. ಅಂದ ಮೇಲೆ ಆ ಮಾತು ಅವರಿಗೇ ಸರಿ ಕಾಣಲಿಲ್ಲ.

ಪ್ರಗತಿ ಹೊದಿಕೆ ಕೆಳಗಿಟ್ಟಳು. "ಅಪ್ಪ, ಅಲ್ಲಿ ಒಬ್ಬಜ್ಜಿ ಬಂದು ಎದೆ ಉರೀತಿದೆ ಅಂದ್ರೆ ನಂಗೆ ಅರ್ಥ ಆಗುತ್ತೆ. ಬಟ್ ಐ ಕಾಂಟ್ ಸೇ ಎನಿಥಿಂಗ್ ಬ್ಯಾಕ್. ಇಷ್ಟು ಹೇಳೋಕೇ ನೋಡು, ಎಷ್ಟು ಕಷ್ಟ. ಡಾಕ್ಟರ್ ಸುಮ್ನೆ ನಿಂತ್ರೆ ಅಜ್ಜಿ ಹೆದ್ರಲ್ವಾ? ಇಲ್ಲಿ ಲೇಟ್ ಆದ್ರೂ ಪರ್ವಾಗಿಲ್ಲ. ಸಿಗದೇ ಇದ್ರೆ ಮತ್ತೆ ಟ್ರೈ ಮಾಡ್ತೀನಿ."

ಮೂರು ಊರಿನಲ್ಲಿ, ಆರುನೂರಕ್ಕೂ ಹೆಚ್ಚು ಮೈಲಿಯಲ್ಲಿ, ಯಾರೂ ಆ ಅಜ್ಜಿಯನ್ನು ನೆನೆದಿರಲಿಲ್ಲ. ಗೋವಿಂದರಾಜು ಅವರಿಗೆ ಒಮ್ಮೆಲೇ ದೇಹ ಹಗುರಾಯಿತು. ನರಸಿಂಹನ ಕಡೆ ತಿರುಗಿ ಕೈ ಮುಗಿದರು. ಅಬ್ಬಾ, ಮುಗಿಯಿತು ಎಂದು ಸೋಫಾದಲ್ಲಿ ಕೂತರು.

"ಕೂತ್ಕೋಬೇಡಿ ರೀ," ಎಂದರು ವಸಂತಾ. "ಕಾರಲ್ಲಿರೋದನ್ನೆಲ್ಲ ಒಳಗೆ ತನ್ನಿ."

"ಅದನ್ನೆಲ್ಲ ನಿಧಾನವಾಗಿ ವಾಪಸ್ಸು..."

"ವಾಪಸ್ಸು? ಮಧ್ಯಾಹ್ನದಿಂದ ಫೋನ್ ಮೇಲೆ ಫೋನ್. ಎಲ್ಲರೂ ಊರಲ್ಲಿ ಹೇಳಿಬಿಟ್ಟಿದ್ದಾರೆ. ಚಂದ್ರಮ್ಮ ಮಂಡಿಪಟ್ಟಿ ಬಂದ್ಮೇಲೆ ನಡೆದುಕೊಂಡು ದೇವಸ್ಥಾನಕ್ಕೆ ಹೋಗ್ತೀನಿ ಅಂತ ಕೂತಿದ್ದಾರಂತೆ. ರಾಜಲಕ್ಷ್ಮಿಯಂತೂ ಆ ಸೂಟಿನ ವಿಷಯ ಹೇಳಿ ಅತ್ತೇಬಿಟ್ರು. ತಲುಪುತ್ತೆ ಅಂತ ನೀವು ಮಾತು ಕೊಟ್ಟಿದ್ದೀರಂತೆ."

"ಈಗ ಯಾರು ತಗೊಂಡು ಹೋಗೋದು?"

ವಸಂತಾ ಹೊದಿಕೆಯ ಅಂಚು ಸರಿಮಾಡಿದರು. "ನನಗೆ ಶನಿವಾರ ಪ್ರಗತೀನ ಹಾಸ್ಟೆಲಲ್ಲಿ ಬಿಡೋ ಕೆಲಸ ಇದೆ. ನಿಮಗೆ ಹದಿನೆಂಟು ದಿನ ರಜೆ ಉಳಿದಿದೆ. ಬುಧವಾರಕ್ಕೆ ಟಿಕೆಟ್ ಮಾಡ್ಸಿದ್ದೀನಿ, ನಿಮ್ಮ ಹೆಸರಲ್ಲಿ."

ಹದಿನೆಂಟು ವರ್ಷದಿಂದ ಗೋವಿಂದರಾಜು ಮನಸ್ಸಿನಲ್ಲಿ ಕಟ್ಟಿಕೊಂಡ ಒಂದೇ ಒಂದು ಚಿತ್ರವಿದ್ದರೆ ಅದು ಮಗಳನ್ನು ಕಾಲೇಜಿನ ಬಾಗಿಲಲ್ಲಿ ಬಿಟ್ಟು, ಅವಳು ಒಳಗೆ ಹೋಗುವುದನ್ನು ನೋಡುತ್ತ ನಿಲ್ಲುವುದು. ಆ ಹೊತ್ತಿಗೆ ಈಗ ಅವರು ಮೈಸೂರಿನ ಕಲ್ಯಾಣಮಂಟಪವೊಂದರಲ್ಲಿ, ಹೆಸರೂ ಗೊತ್ತಿಲ್ಲದ ಮದುಮಗ ಸೂಟು ತೊಟ್ಟು ಬರುವುದನ್ನು ನೋಡುತ್ತ ನಿಂತಿರುತ್ತಾರೆ. ಪ್ರಗತಿ ಬಂದು ಪಕ್ಕದಲ್ಲಿ ಕೂತು, ವಿಡಿಯೋ ಕಾಲ್ ಮಾಡುತ್ತೇನೆ, ರೂಮು ಪೂರ್ತಿ ತೋರಿಸುತ್ತೇನೆ ಎಂದಳು.

ದೀಪ ಹಚ್ಚುವ ಹೊತ್ತಿಗೆ ಎರಡು ಸೂಟ್‌ಕೇಸುಗಳು ತುಂಬಿದವು. ಬಾತ್‌ರೂಮಿನ ತೂಕದ ಮಿಷನ್ನು ನಡುಮನೆಗೆ ಬಂತು. ಗೋವಿಂದರಾಜು ಮೊದಲು ಬರಿಗೈಯಲ್ಲಿ ಹತ್ತಿದರು, ಆಮೇಲೆ ಸೂಟ್‌ಕೇಸನ್ನು ಎದೆಗೆ ಅಪ್ಪಿಕೊಂಡು ಹತ್ತಿದರು. ಪ್ರಗತಿ ಮೊಣಕಾಲೂರಿ ಅಂಕಿ ಓದಿ, ತಂದೆಯ ತೂಕ ಕಳೆದಳು.

"ಏರ್‌ಲೈನ್ ಲಿಮಿಟ್‌ಗಿಂತ ನಾಲ್ಕು ಪೌಂಡ್ ಜಾಸ್ತಿ ಇದೆ, ಅಪ್ಪ. ಏನು ತೆಗೀಲಿ?"

ವಸಂತಾ ಬಾದಾಮಿ ಅರ್ಧ ಮಾಡೋಣವೇ ಎಂದರು. ಅಷ್ಟರಲ್ಲಿ ಗೋವಿಂದರಾಜು ಕೆಳಗಿಳಿದು, ಸೂಟ್‌ಕೇಸು ತೆರೆದು, ಯಾರ ಕಡೆಗೂ ನೋಡದೆ ತಮ್ಮ ಎರಡು ಪ್ಯಾಂಟುಗಳನ್ನು ಎತ್ತಿ ಹೊರಗಿಟ್ಟರು.